ತುಕ್ಕು ಹಿಡಿದ ಪುರಾತನ ಕಬ್ಬಿಣ ಮತ್ತು ಉಕ್ಕಿನ ವಸ್ತುಗಳ ಹಾನಿರಹಿತ ವಿಶ್ಲೇಷಣೆ

ಉತ್ಖನನದಲ್ಲಿ ದೊರೆತ, ಸಮುದ್ರತಳದಿಂದ ಮೇಲೆತ್ತಿದ ಅಥವಾ ಸಂಗ್ರಹಾಲಯಗಳಲ್ಲಿ ಉಳಿದುಬಂದ ಕಬ್ಬಿಣದ ವಸ್ತುಗಳನ್ನು ಕತ್ತರಿಸದೆ, ಕೆರೆಯದೆ, ಚೂರು ತೆಗೆಯದೆ ಅವುಗಳ ಮೂಲ ಆಕಾರ, ಒಳರಚನೆ, ಸಂಯೋಜನೆ, ತಯಾರಿಕೆಯ ವಿಧಾನ ಮತ್ತು ಈಗಿನ ಸ್ಥಿತಿಯನ್ನು ತಿಳಿಯುವ ವೈಜ್ಞಾನಿಕ ವಿಧಾನಗಳ ಸಮೂಹ. ಭೌತವಿಜ್ಞಾನ, ಲೋಹವಿಜ್ಞಾನ, ಪುರಾತತ್ತ್ವ ಮತ್ತು ವಸ್ತುಸಂರಕ್ಷಣೆ ಈ ನಾಲ್ಕೂ ಇಲ್ಲಿ ಸೇರುತ್ತವೆ.

ಹಳೆಯ ಕಬ್ಬಿಣವನ್ನು ಅಭ್ಯಸಿಸುವ ಸಾಂಪ್ರದಾಯಿಕ ಮಾರ್ಗ ಲೋಹಚಿತ್ರಣ. ವಸ್ತುವಿನಿಂದ ಒಂದು ತುಂಡು ಕತ್ತರಿಸಿ, ಕನ್ನಡಿಯಂತೆ ನುಣುಪುಗೊಳಿಸಿ, ಆಮ್ಲ ಸವರಿ ಸೂಕ್ಷ್ಮದರ್ಶಕದಡಿ ನೋಡುವ ಈ ಪದ್ಧತಿಗೆ 1860ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ ನಾಂದಿ ಹಾಡಿದ. ವಿವರಗಳ ನಿಖರತೆಯಲ್ಲಿ ಅದಕ್ಕೆ ಇಂದಿಗೂ ಸಾಟಿಯಿಲ್ಲ. ಆದರೆ ಕತ್ತರಿಸಿದ ಜಾಗದ ಬಗ್ಗೆ ಮಾತ್ರ ಅದು ಹೇಳಬಲ್ಲದು. ಅಪರೂಪದ ಖಡ್ಗವೊಂದನ್ನು ಹಾಗೆ ಕತ್ತರಿಸಲು ಯಾವ ಸಂಗ್ರಹಾಲಯವೂ ಸುಲಭವಾಗಿ ಒಪ್ಪುವುದಿಲ್ಲ. ತುಕ್ಕು ಹಿಡಿದ ವಸ್ತುವಿನಲ್ಲಿ ಇನ್ನೊಂದು ತೊಡಕೂ ಇದೆ. ಅಲ್ಲಿ ತುಕ್ಕೇ ಒಂದು ದಾಖಲೆ. ವಸ್ತುವಿನ ಮೂಲ ಹೊರಮೈ ಎಲ್ಲಿತ್ತು, ಅದಕ್ಕೆ ತಾಗಿಕೊಂಡಿದ್ದ ಬಟ್ಟೆ ಯಾವುದು, ಹಿಡಿಯ ಮರ ಯಾವ ಬಗೆಯದು ಎಂಬ ಸಂಗತಿಗಳು ಅನೇಕ ಬಾರಿ ಲೋಹದಲ್ಲಿ ಅಳಿದು ತುಕ್ಕಿನಲ್ಲಿ ಮಾತ್ರ ಉಳಿದಿರುತ್ತವೆ. ಆದ್ದರಿಂದ ತುಕ್ಕನ್ನು ದಾಟಿ ಒಳಗಿನ ಲೋಹವನ್ನು ಕಾಣುವುದರ ಜೊತೆಗೆ ತುಕ್ಕನ್ನೇ ಓದುವುದೂ ಈ ಶಾಸ್ತ್ರದ ಕೆಲಸ.

ತುಕ್ಕಿನ ಸ್ವರೂಪ

ಕಬ್ಬಿಣ, ನೀರು ಮತ್ತು ಆಮ್ಲಜನಕ ಒಂದೆಡೆ ಸೇರಿದಾಗ ನಡೆಯುವ ವಿದ್ಯುತ್‌ರಾಸಾಯನಿಕ ಕ್ರಿಯೆಯ ಫಲ ತುಕ್ಕು. ಅದು ಒಂದೇ ವಸ್ತುವಲ್ಲ, ಹಲವು ಖನಿಜಗಳ ಮಿಶ್ರಣ. ಗೋಥೈಟ್, ಲೆಪಿಡೋಕ್ರೋಸೈಟ್ ಮತ್ತು ಅಕಗನೈಟ್ ಎಂಬ ಆಕ್ಸಿಹೈಡ್ರಾಕ್ಸೈಡುಗಳು, ಮ್ಯಾಗ್ನಟೈಟ್, ಮ್ಯಾಗ್ಹಮೈಟ್ ಮತ್ತು ಹೆಮಟೈಟ್ ಎಂಬ ಆಕ್ಸೈಡುಗಳು ಇದರಲ್ಲಿ ಮುಖ್ಯವಾದವು. ಗಾಳಿಯಾಡದ ಕೆಸರಿನಲ್ಲಿ ಸಿಡರೈಟ್ ಎಂಬ ಕಾರ್ಬೊನೇಟ್, ಎಲುಬು ಅಥವಾ ಗೊಬ್ಬರದ ಸಾಮೀಪ್ಯದಲ್ಲಿ ನೀಲಿ ಬಣ್ಣದ ವಿವಿಯನೈಟ್ ಎಂಬ ಫಾಸ್ಫೇಟ್ ಸಹ ಬೆಳೆಯುತ್ತವೆ. ಹೀಗೆ ಯಾವ ಖನಿಜ ಇದೆ ಎಂಬುದರಿಂದ ವಸ್ತು ಯಾವ ಪರಿಸರದಲ್ಲಿ ಹುದುಗಿತ್ತು ಎಂದು ಊಹಿಸಬಹುದು.

ಲೋಹ ತುಕ್ಕಾಗುವಾಗ ಉಬ್ಬುತ್ತದೆ. ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ 7.87 ಗ್ರಾಂ, ಮ್ಯಾಗ್ನಟೈಟಿನದು ಸುಮಾರು 5.2, ಗೋಥೈಟಿನದು ಸುಮಾರು 4.3. ಇದರಿಂದಾಗಿ ಕಬ್ಬಿಣ ಮ್ಯಾಗ್ನಟೈಟಾದರೆ ಅದರ ಗಾತ್ರ ಎರಡು ಪಟ್ಟು ದಾಟುತ್ತದೆ, ಗೋಥೈಟಾದರೆ ಸುಮಾರು ಮೂರು ಪಟ್ಟಾಗುತ್ತದೆ. ಮಣ್ಣಿನಿಂದ ಬಂದ ಕಬ್ಬಿಣ ಆಕಾರಗೆಟ್ಟ ಹೆಂಟೆಯಂತೆ ಕಾಣುವುದಕ್ಕೂ ಹೊರಗೆ ತೆಗೆದ ಮೇಲೆ ಚಕ್ಕೆ ಚಕ್ಕೆಯಾಗಿ ಸಿಡಿಯುವುದಕ್ಕೂ ಇದೇ ಕಾರಣ.

ಫ್ರಾನ್ಸಿನ ಡೆಲ್ಫಿನ್ ನೆಫ್, ಫಿಲಿಪ್ ಡಿಲ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಹುದುಗಿದ ಕಬ್ಬಿಣದ ಅಡ್ಡಕೊಯ್ತವನ್ನು ಒಳಗಿನಿಂದ ಹೊರಕ್ಕೆ ನಾಲ್ಕು ವಲಯಗಳಾಗಿ ವಿವರಿಸಿದ್ದಾರೆ: ಉಳಿದ ಲೋಹ, ಒತ್ತಾದ ತುಕ್ಕಿನ ಪದರ, ಮರಳಿನ ಕಣ ಬೆರೆತ ತುಕ್ಕು, ಕೊನೆಗೆ ಬರಿಯ ಮಣ್ಣು. ಒತ್ತಾದ ಪದರಕ್ಕೂ ಮರಳು ಬೆರೆತ ಪದರಕ್ಕೂ ನಡುವಿನ ಗಡಿಯ ಆಸುಪಾಸಿನಲ್ಲಿ ವಸ್ತುವಿನ ಮೂಲ ಹೊರಮೈ ಇರುತ್ತದೆ. ಶುಚಿಗೊಳಿಸುವವನು ಉಳಿದ ಲೋಹ ಕಾಣುವವರೆಗೂ ತುಕ್ಕು ಕೆರೆದರೆ ಈ ಮೂಲ ಮೈ ಶಾಶ್ವತವಾಗಿ ಹೋಗುತ್ತದೆ.

ತುಕ್ಕಿನ ಅಧ್ಯಯನಕ್ಕೆ ಪುರಾತತ್ತ್ವದ ಆಚೆಯೂ ಬೇಡಿಕೆಯಿದೆ. ಸ್ಕಾಟ್ಲೆಂಡಿನ ಇಂಚ್‌ಟುಥಿಲ್ ಎಂಬಲ್ಲಿ ರೋಮನ್ ಸೈನ್ಯ ಕೋಟೆ ಬಿಟ್ಟು ಹೋಗುವಾಗ, ಕ್ರಿ.ಶ. 1ನೆಯ ಶತಮಾನದ ಕೊನೆಯಲ್ಲಿ, ಸುಮಾರು 8,75,000 ಕಬ್ಬಿಣದ ಮೊಳೆಗಳನ್ನು ಗುಂಡಿಯಲ್ಲಿ ಹೂತುಹಾಕಿತ್ತು. ರಾಶಿಯ ಹೊರಗಿನ ಮೊಳೆಗಳು ತುಕ್ಕಾಗಿ ಗಟ್ಟಿ ಕವಚ ಕಟ್ಟಿದ್ದರಿಂದ ನಡುವಿನವು ಹೊಸದರಂತೆ ಉಳಿದವು. ಪರಮಾಣು ತ್ಯಾಜ್ಯವನ್ನು ಸಾವಿರಾರು ವರ್ಷ ಉಕ್ಕಿನ ಪೆಟ್ಟಿಗೆಗಳಲ್ಲಿ ಹೂಳುವ ಯೋಜನೆ ಹಾಕುವವರು ಇಂಥ ವಸ್ತುಗಳನ್ನು ಅಳತೆಗೋಲಾಗಿ ಬಳಸುತ್ತಾರೆ.

ಪ್ರಾಥಮಿಕ ಪರೀಕ್ಷೆ

ಯಂತ್ರಗಳಿಗೆ ಮೊದಲು ಕಣ್ಣು, ತಕ್ಕಡಿ ಮತ್ತು ಅಯಸ್ಕಾಂತ. ಗಾತ್ರಕ್ಕೆ ತಕ್ಕ ತೂಕವಿಲ್ಲದ ವಸ್ತುವಿನಲ್ಲಿ ಲೋಹ ಬಹುಪಾಲು ಕರಗಿಹೋಗಿದೆ ಎಂದು ತಿಳಿಯಬಹುದು. ಅಯಸ್ಕಾಂತಕ್ಕೆ ಬಲವಾಗಿ ಅಂಟಿದರೆ ಒಳಗೆ ಲೋಹ ಉಳಿದಿರುವ ಸಂಭವ ಹೆಚ್ಚು. ಆದರೆ ಮ್ಯಾಗ್ನಟೈಟ್ ಕೂಡ ಅಯಸ್ಕಾಂತಕ್ಕೆ ಅಂಟುವುದರಿಂದ ಇದೊಂದನ್ನೇ ನಂಬುವಂತಿಲ್ಲ. ದ್ವಿನೇತ್ರ ಸೂಕ್ಷ್ಮದರ್ಶಕದಲ್ಲಿ ತುಕ್ಕಿನ ಮೇಲ್ಮೈ ನೋಡಿದಾಗ ನೇಯ್ಗೆಯ ಎಳೆಗಳು, ಚರ್ಮದ ರಂಧ್ರಗಳು, ಮರದ ನಾರುಗಳು ಖನಿಜರೂಪದಲ್ಲಿ ಕಾಣಿಸುವುದುಂಟು. ಕಬ್ಬಿಣದ ಲವಣಗಳು ಒರೆಯ ಅಥವಾ ಬಟ್ಟೆಯ ಜೀವಕೋಶಗಳೊಳಗೆ ಇಳಿದು, ಅವು ಕೊಳೆಯುವ ಮೊದಲೇ ಅವುಗಳ ಆಕಾರವನ್ನು ಅಚ್ಚೊತ್ತಿಕೊಂಡಿರುತ್ತವೆ. ಅದಕ್ಕಾಗಿಯೇ ಶುಚಿಗೊಳಿಸುವ ಮುನ್ನ ಛಾಯಾಚಿತ್ರಗಳ ಮೂಲಕ ಅಥವಾ ಬೆಳಕಿನ ಸ್ಕ್ಯಾನರಿನಿಂದ ವಸ್ತುವಿನ ಮೂರು ಆಯಾಮಗಳ ಪ್ರತಿರೂಪವನ್ನು ದಾಖಲಿಸಿಡುತ್ತಾರೆ.

ಕ್ಷ-ಕಿರಣ ಚಿತ್ರಣ

1895ರಲ್ಲಿ ವಿಲ್ಹೆಲ್ಮ್ ರಾಂಟ್ಗನ್ ಕಂಡುಹಿಡಿದ ಕ್ಷ-ಕಿರಣಗಳೇ ಈ ಕ್ಷೇತ್ರದ ಅತ್ಯಂತ ಹಳೆಯ ಮತ್ತು ಈಗಲೂ ಅತಿ ಹೆಚ್ಚು ಬಳಕೆಯಲ್ಲಿರುವ ಸಾಧನ. ಸಾಂದ್ರವಾದ ಲೋಹ ಕಿರಣಗಳನ್ನು ಹೆಚ್ಚು ತಡೆಯುತ್ತದೆ, ತುಕ್ಕು ಕಡಿಮೆ ತಡೆಯುತ್ತದೆ. ಹೀಗಾಗಿ ಹೆಂಟೆಯೊಳಗೆ ಅಡಗಿದ ಬೀಗದ ಕೈ, ಬಾಣದ ತುದಿ ಅಥವಾ ಚಾಕು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುತ್ತದೆ. ಕಿರಣದ ಶಕ್ತಿ ವಸ್ತುವಿನ ದಪ್ಪಕ್ಕೆ ತಕ್ಕಂತಿರಬೇಕು. 100 ಕಿಲೊ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣದ ತೀವ್ರತೆಯನ್ನು ಅರ್ಧಕ್ಕಿಳಿಸಲು ಸುಮಾರು 2.4 ಮಿಲಿಮೀಟರ್ ಕಬ್ಬಿಣ ಸಾಕು. ಶಕ್ತಿ 200ಕ್ಕೆ ಏರಿದರೆ 6 ಮಿಲಿಮೀಟರ್ ಬೇಕು. ಫಿರಂಗಿಯಂಥ ದಪ್ಪ ವಸ್ತುಗಳಿಗೆ ಗಾಮಾ ಕಿರಣದ ಆಕರಗಳನ್ನು ಅಥವಾ ವೇಗವರ್ಧಕ ಯಂತ್ರಗಳನ್ನು ಬಳಸಬೇಕಾಗುತ್ತದೆ.

ಕ್ಷ-ಕಿರಣ ಚಿತ್ರ ಆಕಾರದ ಜೊತೆಗೆ ಕಮ್ಮಾರನ ಕೈಚಳಕವನ್ನೂ ತೋರಿಸುತ್ತದೆ. ಇಂಗ್ಲೆಂಡಿನ ಸಟನ್ ಹೂ ದಿಬ್ಬದಲ್ಲಿ 1939ರಲ್ಲಿ ದೊರೆತ ಖಡ್ಗ ಒರೆಯ ಸಮೇತ ತುಕ್ಕಾಗಿ ಒಂದೇ ತುಂಡಾಗಿತ್ತು. ಅದರ ಕ್ಷ-ಕಿರಣ ಚಿತ್ರದಲ್ಲಿ, ಹುರಿಗೊಳಿಸಿದ ಕಬ್ಬಿಣದ ಸರಳುಗಳನ್ನು ಜೋಡಿಸಿ ಕುಲುಮೆಯಲ್ಲಿ ಬೆಸೆದ ವಿನ್ಯಾಸ ಕಂಡುಬಂತು. ಬೆಸುಗೆಯ ಗೆರೆಗಳೂ ಅವುಗಳಲ್ಲಿ ಸಿಕ್ಕಿಕೊಂಡ ಕಿಟ್ಟವೂ ಉಳಿದ ಲೋಹಕ್ಕಿಂತ ಬೇರೆ ರೀತಿಯಲ್ಲಿ ಸವೆಯುವುದರಿಂದ ಈ ಗೆರೆಗಳು ಚಿತ್ರದಲ್ಲಿ ಎದ್ದು ಕಾಣುತ್ತವೆ. ಯುರೋಪಿನ ವೈಕಿಂಗ್ ಯುಗದ ಖಡ್ಗಗಳ ಅಲಗಿನಲ್ಲಿ ಕೂರಿಸಿದ್ದ ‘ಉಲ್ಫ್‌ಬರ್ಟ್’ ಎಂಬ ಅಕ್ಷರಗಳನ್ನೂ ತುಕ್ಕಿನಡಿಯಿಂದ ಹೀಗೆ ಓದಿದ್ದಾರೆ. ಬ್ರಿಟನ್ನಿನಲ್ಲಿ ಉತ್ಖನನದ ಕಬ್ಬಿಣವನ್ನು ಸಂರಕ್ಷಣೆಯ ಮೊದಲ ಹೆಜ್ಜೆಯಾಗಿ ಕ್ಷ-ಕಿರಣಕ್ಕೆ ಒಡ್ಡುವುದು ರೂಢಿ.

ಸಾಮಾನ್ಯ ಚಿತ್ರದಲ್ಲಿ ಹಿಂದಿನ ಮತ್ತು ಮುಂದಿನ ಪದರಗಳು ಒಂದರ ಮೇಲೊಂದು ಬೀಳುತ್ತವೆ. ವಸ್ತುವನ್ನು ತಿರುಗಿಸುತ್ತ ನೂರಾರು ಕೋನಗಳಿಂದ ಚಿತ್ರ ತೆಗೆದು ಗಣಕದಲ್ಲಿ ಜೋಡಿಸುವ ಸಿ.ಟಿ. ಸ್ಕ್ಯಾನ್ ಈ ಕೊರತೆಯನ್ನು ನೀಗಿಸುತ್ತದೆ. ಹಡಗಿನ ಅವಶೇಷಗಳ ವಿಷಯದಲ್ಲಿ ಇದು ವಿಶೇಷ ಉಪಯೋಗಿ. ಸಮುದ್ರದಲ್ಲಿ ಕಬ್ಬಿಣದ ಸುತ್ತ ಸುಣ್ಣ, ಮರಳು ಮತ್ತು ತುಕ್ಕಿನ ಕಲ್ಲಿನಂಥ ಚಿಪ್ಪು ಬೆಳೆಯುತ್ತದೆ. ಒಳಗಿನ ಲೋಹ ಪೂರ್ತಿ ಕರಗಿಹೋಗಿ ಪೊಳ್ಳು ಮಾತ್ರ ಉಳಿದಿರುವುದೂ ಉಂಟು. ಆ ಪೊಳ್ಳೇ ವಸ್ತುವಿನ ಅಚ್ಚು. ಸಿ.ಟಿ. ಚಿತ್ರದ ನೆರವಿನಿಂದ ಚಿಪ್ಪನ್ನು ಒಡೆಯದೆ ಅದರ ಆಕಾರವನ್ನು ಮುದ್ರಿಸಿ ತೆಗೆಯಬಹುದು.

ಮೇಲ್ಮೈಯ ಧಾತು ಮತ್ತು ಖನಿಜಗಳು

ಕೈಯಲ್ಲಿ ಹಿಡಿಯಬಹುದಾದ ಕ್ಷ-ಕಿರಣ ಪ್ರತಿದೀಪ್ತಿ ಉಪಕರಣ ವಸ್ತುವಿನಲ್ಲಿರುವ ಧಾತುಗಳನ್ನು ಕೆಲವೇ ನಿಮಿಷಗಳಲ್ಲಿ ಗುರುತಿಸುತ್ತದೆ. ತೂತಾಂಖಾಮನ್ ಸಮಾಧಿಯ ಕಬ್ಬಿಣದ ಕಠಾರಿಯನ್ನು ಡೇನಿಯೆಲಾ ಕೊಮೆಲಿ ನೇತೃತ್ವದ ತಂಡ ಇದೇ ವಿಧಾನದಿಂದ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿತು. ಅಲಗಿನಲ್ಲಿ ಸುಮಾರು 10.8 ಶೇಕಡ ನಿಕಲ್, 0.58 ಶೇಕಡ ಕೋಬಾಲ್ಟ್ ಇತ್ತು. ಅದು ಉಲ್ಕೆಯ ಕಬ್ಬಿಣ ಎಂಬುದು ಇದರಿಂದ ಖಚಿತವಾಯಿತು. ಕಠಾರಿಗೆ ಹೆಚ್ಚು ತುಕ್ಕು ಹಿಡಿದಿರದ ಕಾರಣ ಮೇಲ್ಮೈಯ ಅಳತೆ ನಂಬಲರ್ಹವಾಗಿತ್ತು.

ತುಕ್ಕು ಹಿಡಿದ ವಸ್ತುವಿನಲ್ಲಿ ಈ ಉಪಕರಣ ದಾರಿ ತಪ್ಪಿಸಬಲ್ಲದು. ಕಬ್ಬಿಣದಿಂದ ಮರಳಿ ಬರುವ ಸಂಕೇತ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಆಳದ್ದು. ಅಷ್ಟರಲ್ಲಿ ಲೋಹಕ್ಕಿಂತ ತುಕ್ಕು, ಮಣ್ಣು ಮತ್ತು ಹಿಂದಿನವರು ಬಳಿದ ಮೇಣವೇ ಹೆಚ್ಚು. ಇನ್ನೂ ದೊಡ್ಡ ಮಿತಿ ಇಂಗಾಲದ್ದು. ಮೆದು ಕಬ್ಬಿಣ, ಉಕ್ಕು ಮತ್ತು ಬೀಡುಗಳ ನಡುವಿನ ವ್ಯತ್ಯಾಸವನ್ನು ನಿರ್ಧರಿಸುವ ಧಾತು ಅದು. ಅದರ ಪ್ರತಿದೀಪ್ತಿ ತೀರ ದುರ್ಬಲವಾದ್ದರಿಂದ ಈ ಉಪಕರಣಕ್ಕೆ ಅದು ಕಾಣುವುದೇ ಇಲ್ಲ.

ಯಾವ ಧಾತು ಎಂಬುದಕ್ಕಿಂತ ಯಾವ ಖನಿಜ ಎಂದು ತಿಳಿಯಬೇಕಾದಾಗ ರಾಮನ್ ರೋಹಿತ ವಿಶ್ಲೇಷಣೆ ನೆರವಾಗುತ್ತದೆ. 1928ರಲ್ಲಿ ಕೋಲ್ಕತ್ತದಲ್ಲಿ ಸಿ. ವಿ. ರಾಮನ್ ಕಂಡ ಬೆಳಕಿನ ಚದರಿಕೆಯ ಪರಿಣಾಮವೇ ಇದರ ತಳಹದಿ. ಲೇಸರ್ ಬೆಳಕನ್ನು ತುಕ್ಕಿನ ಒಂದು ಚುಕ್ಕೆಯ ಮೇಲೆ ಹಾಯಿಸಿ, ಚದರಿ ಬಂದ ಬೆಳಕಿನಲ್ಲಿ ಆಗುವ ಬದಲಾವಣೆಯಿಂದ ಗೋಥೈಟ್, ಲೆಪಿಡೋಕ್ರೋಸೈಟ್, ಅಕಗನೈಟ್‌ಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಾರೆ. ಲೇಸರಿನ ಶಕ್ತಿ ಹೆಚ್ಚಾದರೆ ಬಿಸಿಗೆ ಗೋಥೈಟ್ ಹೆಮಟೈಟಾಗಿ ಮಾರ್ಪಡುತ್ತದೆ. ಆಗ ಪರೀಕ್ಷೆ ವಸ್ತುವಿಗೆ ಹಾನಿ ಮಾಡುವುದಲ್ಲದೆ ಸುಳ್ಳು ಉತ್ತರವನ್ನೂ ಕೊಡುತ್ತದೆ. ಖನಿಜಗಳ ಪ್ರಮಾಣ ತಿಳಿಯಲು ಕ್ಷ-ಕಿರಣ ವಿವರ್ತನೆಯನ್ನು, ಅತಿ ಸೂಕ್ಷ್ಮ ಪದರಗಳ ವಿವರಕ್ಕೆ ಸಿಂಕ್ರೊಟ್ರಾನ್ ಕೇಂದ್ರಗಳ ತೀಕ್ಷ್ಣ ಕಿರಣಗಳನ್ನು ಬಳಸುವರು. ಭಾರತದಲ್ಲಿ ಇಂದೋರಿನ ಇಂಡಸ್-2 ಅಂಥ ಒಂದು ಕೇಂದ್ರ.

ನ್ಯೂಟ್ರಾನ್ ವಿಧಾನಗಳು

ಕ್ಷ-ಕಿರಣಗಳು ಪರಮಾಣುವಿನ ಎಲೆಕ್ಟ್ರಾನುಗಳೊಡನೆ ವರ್ತಿಸಿದರೆ ನ್ಯೂಟ್ರಾನುಗಳು ಅದರ ನ್ಯೂಕ್ಲಿಯಸ್ಸಿನೊಡನೆ ವರ್ತಿಸುತ್ತವೆ. ವಿದ್ಯುದಂಶವಿಲ್ಲದ ಈ ಕಣಗಳು ಕೆಲವು ಸೆಂಟಿಮೀಟರ್ ದಪ್ಪದ ಕಬ್ಬಿಣವನ್ನು ದಾಟಬಲ್ಲವು. ಆದರೆ ಜಲಜನಕ ಅವನ್ನು ಬಲವಾಗಿ ಚದರಿಸುತ್ತದೆ. ಆಕ್ಸಿಹೈಡ್ರಾಕ್ಸೈಡುಗಳಲ್ಲಿ ಜಲಜನಕ ಇರುವುದರಿಂದ ಕ್ಷ-ಕಿರಣ ಚಿತ್ರದಲ್ಲಿ ಮಸುಕಾಗಿರುವ ತುಕ್ಕು ನ್ಯೂಟ್ರಾನ್ ಚಿತ್ರದಲ್ಲಿ ಎದ್ದು ತೋರುತ್ತದೆ. ಎರಡೂ ಚಿತ್ರಗಳನ್ನು ಹೋಲಿಸಿದರೆ ಲೋಹ, ತುಕ್ಕು, ಒರೆಯ ಮರ, ಹಿಂದಿನ ದುರಸ್ತಿಯ ಅಂಟು ಎಲ್ಲವನ್ನೂ ಬೇರ್ಪಡಿಸಿ ನೋಡಬಹುದು. ಇಂಗ್ಲೆಂಡಿನ ಐಸಿಸ್, ಸ್ವಿಟ್ಜರ್ಲೆಂಡಿನ ಪೌಲ್ ಶೆರರ್ ಸಂಸ್ಥೆ, ಜರ್ಮನಿಯ ಗಾರ್ಕಿಂಗ್‌ನಲ್ಲಿರುವ ಸಂಶೋಧನಾ ಸ್ಥಾವರ ಮತ್ತು ಜಪಾನಿನ ಜೆ-ಪಾರ್ಕ್ ಈ ಕೆಲಸದ ಮುಖ್ಯ ಕೇಂದ್ರಗಳು. ಭಾರತದಲ್ಲಿ ಟ್ರಾಂಬೆಯ ಧ್ರುವ ಸ್ಥಾವರದಲ್ಲೂ ಕಲ್ಪಾಕ್ಕಮ್ಮಿನ ಕಾಮಿನಿ ಸ್ಥಾವರದಲ್ಲೂ ನ್ಯೂಟ್ರಾನ್ ಚಿತ್ರಣದ ಸೌಲಭ್ಯವಿದೆ.

ಕ್ಷ-ಕಿರಣ ಪ್ರತಿದೀಪ್ತಿಗೆ ನಿಲುಕದ ಇಂಗಾಲ ಇಲ್ಲಿ ಅಡ್ಡದಾರಿಯಿಂದ ಸಿಗುತ್ತದೆ. ನಿಧಾನವಾಗಿ ತಣಿದ ಉಕ್ಕಿನಲ್ಲಿ ಇಂಗಾಲದ ಬಹುಪಾಲು ಸಿಮೆಂಟೈಟ್ ಎಂಬ ಕಾರ್ಬೈಡ್ ರೂಪದಲ್ಲಿರುತ್ತದೆ. ಸಿಮೆಂಟೈಟಿನ ತೂಕದಲ್ಲಿ 6.67 ಶೇಕಡ ಇಂಗಾಲ. ನ್ಯೂಟ್ರಾನ್ ವಿವರ್ತನೆಯಿಂದ ಸಿಮೆಂಟೈಟ್ 12 ಶೇಕಡ ಎಂದು ಕಂಡರೆ ಉಕ್ಕಿನಲ್ಲಿ ಇಂಗಾಲ ಸುಮಾರು 0.8 ಶೇಕಡ ಎಂದು ಲೆಕ್ಕ ಹಾಕಬಹುದು. ನೀರಿನಲ್ಲಿ ಅದ್ದಿ ಹದಗೊಳಿಸಿದ ಅಲಗಿಗೆ ಈ ಲೆಕ್ಕ ಒಪ್ಪುವುದಿಲ್ಲ. ಅಲ್ಲಿ ಇಂಗಾಲ ಸ್ಫಟಿಕದೊಳಗೇ ಸಿಕ್ಕಿಕೊಂಡು ಮಾರ್ಟೆನ್ಸೈಟ್ ಆಗಿರುತ್ತದೆ. ವಿವರ್ತನೆಯ ಶೃಂಗಗಳು ಅಗಲವಾಗುವುದೇ ಅದರ ಸುಳಿವು. ಕಿಟ್ಟದ ಖನಿಜಗಳು, ತುಕ್ಕಿನ ಖನಿಜಗಳು, ಸುತ್ತಿಗೆಯ ಪೆಟ್ಟಿನಿಂದ ಉಳಿದ ಒತ್ತಡ ಇವೂ ಅದೇ ಅಳತೆಯಲ್ಲಿ ಸಿಗುತ್ತವೆ. ನ್ಯೂಟ್ರಾನುಗಳ ತರಂಗಾಂತರವನ್ನು ವಿಂಗಡಿಸಿ ಚಿತ್ರ ತೆಗೆದರೆ, ಫೆರೈಟ್ ಎಂಬ ಶುದ್ಧ ಕಬ್ಬಿಣದ ಸ್ಫಟಿಕಗಳು 0.405 ನ್ಯಾನೊಮೀಟರಿನ ಬಳಿ ತೋರುವ ಹಠಾತ್ ಬದಲಾವಣೆಯ ಆಧಾರದಿಂದ ಅಲಗಿನ ಯಾವ ಭಾಗದಲ್ಲಿ ಎಂಥ ರಚನೆಯಿದೆ ಎಂಬ ನಕ್ಷೆಯನ್ನೇ ಬರೆಯಬಹುದು.

ಲಂಡನ್ನಿನ ವಾಲೆಸ್ ಸಂಗ್ರಹದ ಭಾರತೀಯ ಶಂಶೇರ್ ಖಡ್ಗವೊಂದರ ಮೇಲೆ ನಡೆದ ಅಧ್ಯಯನ ಈ ವಿಧಾನದ ಬೆಲೆಯನ್ನು ಪರೀಕ್ಷೆಗೆ ಒಡ್ಡಿತು. ಎಲಿಸಾ ಬರ್ಜಾಗ್ಲಿ, ಫ್ರಾಂಚೆಸ್ಕೊ ಗ್ರಾಜಿ, ಅಲನ್ ವಿಲಿಯಮ್ಸ್ ಮತ್ತಿತರರು ಒಂದೇ ಖಡ್ಗವನ್ನು ಲೋಹಚಿತ್ರಣಕ್ಕೂ ನ್ಯೂಟ್ರಾನ್ ವಿವರ್ತನೆಗೂ ಒಳಪಡಿಸಿ 2015ರಲ್ಲಿ ಎರಡನ್ನೂ ಹೋಲಿಸಿದರು. ಲೋಹಚಿತ್ರಣ ಉಕ್ಕಿನ ವಿಶಿಷ್ಟತೆಯನ್ನು ತೋರಿಸಿತಾದರೂ ಅದು ತುಂಡು ತೆಗೆದ ಜಾಗಗಳಿಗೆ ಸೀಮಿತ. ಅಲಗಿನ ಉದ್ದಕ್ಕೂ ಸಂಯೋಜನೆ ಮತ್ತು ಒತ್ತಡ ಹೇಗೆ ಹಂಚಿಹೋಗಿದೆ ಎಂದು ನ್ಯೂಟ್ರಾನುಗಳಿಂದ ತಿಳಿಯಿತು.

ಪೂರ್ತಿ ತುಕ್ಕಾದ ವಸ್ತುವಿಗೂ ನ್ಯೂಟ್ರಾನ್ ಉತ್ತರ ಕೊಡಬಲ್ಲದು. ಈಜಿಪ್ಟಿನ ಗರ್ಜೆ ಸ್ಮಶಾನದಲ್ಲಿ 1911ರಲ್ಲಿ ದೊರೆತ, ಕ್ರಿ.ಪೂ. ಸುಮಾರು 3200ರ ಕಬ್ಬಿಣದ ಮಣಿಗಳಲ್ಲಿ ಲೋಹ ಉಳಿದೇ ಇರಲಿಲ್ಲ. ಥೀಲೊ ರೇರನ್ ತಂಡ ಅವುಗಳಲ್ಲಿ ಮೂರನ್ನು ನ್ಯೂಟ್ರಾನ್ ಚಿತ್ರಣಕ್ಕೂ ಗಾಮಾ ಕಿರಣ ಹೊಮ್ಮುವಿಕೆಯ ವಿಶ್ಲೇಷಣೆಗೂ ಒಳಪಡಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಮಣಿಗಳ ಇಡೀ ಗಾತ್ರದಲ್ಲಿ ನಿಕಲ್, ಕೋಬಾಲ್ಟ್, ರಂಜಕ ಮತ್ತು ಜರ್ಮೇನಿಯಂ ಕಂಡವು. ಉಲ್ಕಾಲೋಹವನ್ನು ತೆಳು ತಗಡಾಗಿ ಬಡಿದು ಕೊಳವೆಯಂತೆ ಸುರುಳಿ ಸುತ್ತಿದ್ದರು ಎಂಬುದೂ ಚಿತ್ರದಲ್ಲಿ ಗೋಚರಿಸಿತು. ಕಠಾರಿಗೂ ಮಣಿಗಳಿಗೂ ಕೇಳಿದ ಪ್ರಶ್ನೆ ಒಂದೇ. ತುಕ್ಕಿನ ಮಟ್ಟ ಬೇರೆಯಾದ್ದರಿಂದ ಉಪಕರಣ ಬೇರೆಯಾಯಿತು.

ನ್ಯೂಟ್ರಾನಿಗೆ ಒಡ್ಡಿದ ವಸ್ತು ಸ್ವಲ್ಪಕಾಲ ವಿಕಿರಣಶೀಲವಾಗುತ್ತದೆ. ಉಕ್ಕಿನ ಮ್ಯಾಂಗನೀಸಿನಿಂದ ಹುಟ್ಟುವ ಸಮಸ್ಥಾನಿಯ ಅರ್ಧಾಯು ಸುಮಾರು 2.6 ಗಂಟೆ ಮಾತ್ರ. ಹಿಡಿಯ ಮೇಲೆ ಚಿನ್ನದ ಕುಸುರಿಯಿದ್ದರೆ ಅದರ ಸಮಸ್ಥಾನಿಗೆ 2.7 ದಿನ ಬೇಕು. ವಸ್ತುವನ್ನು ಸಂಗ್ರಹಾಲಯಕ್ಕೆ ಮರಳಿಸುವ ಮುನ್ನ ಈ ಅವಧಿಯನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಜಪಾನಿನಲ್ಲಿ ಋಣ ಮ್ಯುಯಾನ್ ಕಣಗಳಿಂದ ಉಕ್ಕಿನ ಇಂಗಾಲವನ್ನು ನೇರವಾಗಿ ಅಳೆಯುವ ವಿಧಾನ ಬೆಳೆಯುತ್ತಿದೆ. ಇಂಗಾಲದಲ್ಲಿ ಸೆರೆಯಾದ ಮ್ಯುಯಾನ್ ಸರಾಸರಿ 2 ಮೈಕ್ರೊಸೆಕೆಂಡ್ ಬಾಳಿದರೆ ಕಬ್ಬಿಣದಲ್ಲಿ ಸೆರೆಯಾದದ್ದು ಅದರ ಹತ್ತನೆಯ ಒಂದು ಭಾಗ ಮಾತ್ರ ಬಾಳುತ್ತದೆ. ಈ ಅಂತರವೇ ಅಳತೆಗೆ ಆಧಾರ.

ತುಕ್ಕಿನ ವೇಗವನ್ನು ಅಳೆಯುವುದು

ಸಂರಕ್ಷಕನಿಗೆ ತುಕ್ಕು ಎಷ್ಟಿದೆ ಎಂಬುದಕ್ಕಿಂತ ಅದು ಇನ್ನೂ ಬೆಳೆಯುತ್ತಿದೆಯೇ ಎಂಬುದು ಮುಖ್ಯ. ಉಪ್ಪಿನಿಂದ ಬಂದ ಕ್ಲೋರೈಡ್ ಲೋಹಕ್ಕೂ ತುಕ್ಕಿಗೂ ನಡುವೆ ಸೇರಿಕೊಂಡರೆ ಗಾಜಿನ ಕಪಾಟಿನಲ್ಲಿಟ್ಟ ವಸ್ತುವೂ ಒಡೆಯುತ್ತದೆ. ಮೇಲ್ಮೈಯಲ್ಲಿ ಕಿತ್ತಳೆ ಬಣ್ಣದ ಹನಿಗಳು ಮೂಡುವುದೂ ಅಕಗನೈಟ್ ಕಾಣಿಸಿಕೊಳ್ಳುವುದೂ ಅಪಾಯದ ಮುನ್ಸೂಚನೆಗಳು. ವಸ್ತುವನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಳಗಿನ ಆಮ್ಲಜನಕ ಎಷ್ಟು ಬೇಗ ಕಡಿಮೆಯಾಗುತ್ತದೆ ಎಂದು, ಗಾಜಿನ ಒಳಮೈಗೆ ಅಂಟಿಸಿದ ದೀಪ್ತಿಸಂವೇದಕದಿಂದ ಹೊರಗಿನಿಂದಲೇ ಅಳೆಯುವುದು ಇಂದು ಪ್ರಚಲಿತ ವಿಧಾನ.

ವೇಲ್ಸಿನ ಕಾರ್ಡಿಫ್ ವಿಶ್ವವಿದ್ಯಾಲಯದ ಡೇವಿಡ್ ವಾಟ್ಕಿನ್‌ಸನ್ ಮತ್ತು ಮಾರ್ಕ್ ಲೂಯಿಸ್ ನಡೆಸಿದ ಪ್ರಯೋಗಗಳು ಕ್ಲೋರೈಡ್ ಇರುವ ಕಬ್ಬಿಣದಲ್ಲಿ ಸಾಪೇಕ್ಷ ಆರ್ದ್ರತೆ 12 ಶೇಕಡಕ್ಕಿಂತ ಕೆಳಗಿಳಿದಾಗ ತುಕ್ಕು ನಿಲ್ಲುತ್ತದೆಂದೂ ಅಲ್ಲಿಂದ ಮೇಲೇರಿದಂತೆ ವೇಗ ಹೆಚ್ಚುತ್ತದೆಂದೂ ತೋರಿಸಿದವು. ಇಸಂಬಾರ್ಡ್ ಕಿಂಗ್‌ಡಮ್ ಬ್ರುನೆಲ್ ವಿನ್ಯಾಸಗೊಳಿಸಿ 1843ರಲ್ಲಿ ನೀರಿಗಿಳಿದ ಎಸ್.ಎಸ್. ಗ್ರೇಟ್ ಬ್ರಿಟನ್ ಎಂಬ ಕಬ್ಬಿಣದ ಹಡಗಿನ ರಕ್ಷಣೆಗೆ ಈ ಅಂಕಿಗಳೇ ಆಧಾರವಾದವು. ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಪಾಳುಬಿದ್ದಿದ್ದ ಹಡಗನ್ನು 1970ರಲ್ಲಿ ಬ್ರಿಸ್ಟಲ್ಲಿಗೆ ತಂದರು. ಈಗ ಅದರ ತಳಭಾಗದ ಸುತ್ತಲಿನ ಗಾಳಿಯನ್ನು ಯಂತ್ರಗಳಿಂದ ಒಣಗಿಸಿ ಆರ್ದ್ರತೆಯನ್ನು ಸುಮಾರು 20 ಶೇಕಡಕ್ಕೆ ಇಳಿಸಿದ್ದಾರೆ. ಅಲ್ಲಿ ತುಕ್ಕು ಪೂರ್ತಿ ನಿಲ್ಲದಿದ್ದರೂ ಬಹಳ ನಿಧಾನವಾಗಿದೆ.

ಭಾರತ ಮತ್ತು ಕರ್ನಾಟಕದ ವಸ್ತುಗಳು

ಸಾಗಿಸಲಾಗದ ದೊಡ್ಡ ವಸ್ತುವಿನ ಬಳಿಗೆ ಉಪಕರಣವೇ ಹೋಗಬೇಕು. ಸುಮಾರು 7.2 ಮೀಟರ್ ಉದ್ದದ, 6 ಟನ್ನಿಗೂ ಹೆಚ್ಚು ತೂಕದ ದೆಹಲಿಯ ಕಬ್ಬಿಣದ ಕಂಬ ಇದಕ್ಕೆ ಒಳ್ಳೆಯ ನಿದರ್ಶನ. 1912ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಅದರ ಚೂರೊಂದನ್ನು ವಿಶ್ಲೇಷಿಸಿ 0.08 ಶೇಕಡ ಇಂಗಾಲ, 0.114 ಶೇಕಡ ರಂಜಕ ಇದೆಯೆಂದು ತಿಳಿಸಿದ. ಕಲ್ಪಾಕ್ಕಮ್ಮಿನ ಇಂದಿರಾ ಗಾಂಧಿ ಪರಮಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಮುಂದೆ ಕಂಬದ ಬಳಿಯಲ್ಲೇ ಶ್ರವಣಾತೀತ ತರಂಗ ಮೊದಲಾದ ಹಾನಿರಹಿತ ಪರೀಕ್ಷೆಗಳನ್ನು ನಡೆಸಿದರು. ಕಾನ್ಪುರದ ಆರ್. ಬಾಲಸುಬ್ರಮಣ್ಯಂ ತುಕ್ಕಿನ ಪದರವನ್ನು ಅಭ್ಯಸಿಸಿ, ಕಬ್ಬಿಣದಲ್ಲಿ ಉಳಿದುಕೊಂಡ ರಂಜಕದಿಂದ ಹುಟ್ಟಿದ ಫಾಸ್ಫೇಟ್ ಪೊರೆ ಕಂಬವನ್ನು ಕಾಯುತ್ತಿದೆ ಎಂದು 2000ದಲ್ಲಿ ಪ್ರತಿಪಾದಿಸಿದರು. ಭಾರೀ ಮಳೆ ಬೀಳುವ ಕೊಡಚಾದ್ರಿಯ ಮೂಕಾಂಬಿಕಾ ದೇವಾಲಯದ ಎದುರಿಗಿರುವ ಕಬ್ಬಿಣದ ಕಂಬವೂ ವಿದ್ವಾಂಸರ ಗಮನ ಸೆಳೆದಿದೆ, ಅದರ ಬಗ್ಗೆ 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಲೇಖನ ಪ್ರಕಟವಾಗಿದೆ.

ಈ ವಿಧಾನಗಳಿಗೆ ಕರ್ನಾಟಕದಲ್ಲಿ ಸಾಮಗ್ರಿ ಹೇರಳ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ 1965ರಲ್ಲಿ ನಡೆಸಿದ ಉತ್ಖನನ ಕ್ರಿ.ಪೂ. ಸುಮಾರು 1000ದಷ್ಟು ಹಳೆಯ ಕಬ್ಬಿಣವನ್ನು ಬೆಳಕಿಗೆ ತಂದಿತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಕಬ್ಬಿಣವನ್ನು ಮಣ್ಣಿನ ಮೂಸೆಗಳಲ್ಲಿ ಕಾಯಿಸಿ ಉಕ್ಕು ಮಾಡುತ್ತಿದ್ದ ಬಗೆಯನ್ನು ವಿವರಿಸಿದ್ದಾನೆ. ಹೆಚ್ಚು ಇಂಗಾಲದ ಈ ಉಕ್ಕು ಸಿಮೆಂಟೈಟಿನ ಪ್ರಮಾಣದಿಂದಲೇ ನ್ಯೂಟ್ರಾನ್ ವಿವರ್ತನೆಯಲ್ಲಿ ಗುರುತು ಸಿಗುವಂಥದು.

ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ರಾಜ್ಯ ಪುರಾತತ್ತ್ವ ಇಲಾಖೆ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ಹೊರತೆಗೆಯಿತು. ಎಲ್ಲವೂ ತುಕ್ಕು ಹಿಡಿದವು. ಮದ್ದು ತುಂಬಿ ಬಾಯಿ ಮುಚ್ಚಿದ ಇಂಥ ಕೊಳವೆಯನ್ನು ಕತ್ತರಿಸುವುದು ನಷ್ಟವಷ್ಟೇ ಅಲ್ಲ, ಅಪಾಯವೂ ಹೌದು. ಕೊಳವೆಯ ದಪ್ಪ ಮತ್ತು ತಗಡಿನ ಅಂಚುಗಳನ್ನು ಸೇರಿಸಿದ ರೀತಿಯನ್ನು ಕ್ಷ-ಕಿರಣ ಸಿ.ಟಿ. ತೋರಿಸಬಲ್ಲದು, ಒಳಗೆ ಉಳಿದ ಮದ್ದನ್ನು ನ್ಯೂಟ್ರಾನ್ ಚಿತ್ರ, ಮೇಲ್ಮೈಯ ಅಪಾಯಕಾರಿ ಖನಿಜಗಳನ್ನು ರಾಮನ್ ವಿಶ್ಲೇಷಣೆ ಗುರುತಿಸಬಲ್ಲವು. ಒಂದೇ ಮಾದರಿಯ ನೂರಾರು ವಸ್ತುಗಳು ಒಟ್ಟಿಗೆ ಸಿಕ್ಕಿರುವುದರಿಂದ, ಹಾನಿರಹಿತ ವಿಧಾನದಿಂದ ಎಲ್ಲವನ್ನೂ ಅಳೆದು ತಯಾರಿಕೆಯಲ್ಲಿ ಎಷ್ಟು ಏಕರೂಪತೆಯಿತ್ತು ಎಂದು ಹೇಳುವ ಅವಕಾಶ ಇಲ್ಲಿದೆ.

ಮಿತಿಗಳು

ಹಾನಿರಹಿತ ವಿಧಾನಗಳು ಎಲ್ಲ ಪ್ರಶ್ನೆಗಳಿಗೂ ಉತ್ತರಿಸಲಾರವು. ಕಬ್ಬಿಣದ ಕಾಲನಿರ್ಣಯಕ್ಕೆ ಅದರೊಳಗಿನ ಇಂಗಾಲವನ್ನು ಹೊರತೆಗೆಯಲೇಬೇಕು. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಕಲ್ಲುಗಳನ್ನು ಬಿಗಿದ ಕಬ್ಬಿಣದ ಪಟ್ಟಿಗಳು 1160ರ ದಶಕದವು ಎಂದು ತೋರಿಸಿದ, 2023ರಲ್ಲಿ ಪ್ರಕಟವಾದ ಅಧ್ಯಯನ ಅವುಗಳ ಚೂರುಗಳನ್ನು ಆಧರಿಸಿತ್ತು. ಅದಿರಿನ ಮೂಲ ಹುಡುಕಲು ಕಿಟ್ಟದ ಸೂಕ್ಷ್ಮ ಕಣಗಳಲ್ಲಿರುವ ಅಲ್ಪ ಪ್ರಮಾಣದ ಧಾತುಗಳನ್ನು ಅಳೆಯಬೇಕಾಗುತ್ತದೆ. ಲೋಹವೆಲ್ಲ ಹೋದ ಮೇಲೂ ತುಕ್ಕಿನಲ್ಲಿ ಹಳೆಯ ಉಕ್ಕಿನ ರಚನೆಯ ನೆರಳು ಉಳಿದಿರುವುದುಂಟು. ಅದನ್ನು ಓದಲು ಈಗಲೂ ಅಡ್ಡಕೊಯ್ತವೇ ಬೇಕು. ನ್ಯೂಟ್ರಾನ್ ವಿವರ್ತನೆ ಕೊಡುವುದು ಒಂದು ಗಾತ್ರದ ಸರಾಸರಿಯನ್ನು, ಆದ್ದರಿಂದ ಅಲಗಿನ ಅಂಚಿಗೆ ಮಾತ್ರ ಬೆಸೆದ ತೆಳು ಉಕ್ಕಿನ ಪದರ ಅದರಲ್ಲಿ ಮರೆಯಾಗಬಹುದು. ಸ್ಥಾವರಗಳಲ್ಲಿ ಸಮಯ ಸಿಗುವುದು ಕಷ್ಟ, ಅಮೂಲ್ಯ ವಸ್ತುವನ್ನು ಸಾಗಿಸುವುದೂ ಕಷ್ಟ.

ಆದ್ದರಿಂದ ಸಂರಕ್ಷಣಾಲಯಗಳಲ್ಲಿ ಸರಳದಿಂದ ಸಂಕೀರ್ಣಕ್ಕೆ ಸಾಗುವ ಕ್ರಮ ರೂಢಿಗೆ ಬಂದಿದೆ: ಮೊದಲು ಸೂಕ್ಷ್ಮದರ್ಶಕ ಮತ್ತು ಕ್ಷ-ಕಿರಣ ಚಿತ್ರ, ಅನಂತರ ಮೇಲ್ಮೈಯ ಖನಿಜ ವಿಶ್ಲೇಷಣೆ, ಉತ್ತರ ಸಿಗದ ಪ್ರಶ್ನೆ ಉಳಿದಾಗ ಮಾತ್ರ ನ್ಯೂಟ್ರಾನ್ ಅಥವಾ ಸಿಂಕ್ರೊಟ್ರಾನ್. ಇಷ್ಟಾದ ಮೇಲೂ ಚೂರು ತೆಗೆಯುವುದು ಅನಿವಾರ್ಯವಾದರೆ, ಎಲ್ಲಿಂದ ತೆಗೆದರೆ ಹಾನಿ ಕನಿಷ್ಠ ಮತ್ತು ಮಾಹಿತಿ ಗರಿಷ್ಠ ಎಂಬುದನ್ನು ಹಿಂದಿನ ಚಿತ್ರಗಳೇ ನಿರ್ಧರಿಸುತ್ತವೆ.